ಬದುಕಿಗೆ ಉದ್ದೇಶ ಇದೆಯೇ? ಹಳೇ ಪ್ರಶ್ನೆಯನ್ನು ಬಿಡಿಸಿ ನೋಡೋಣ

1930ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಒಂದು ಪ್ರಬಂಧ ಬರೆದರು. ಇನ್ನು 100 ವರ್ಷದಲ್ಲಿ ಯಂತ್ರಗಳು ಎಷ್ಟು ಮುಂದುವರಿಯುತ್ತವೆ ಎಂದರೆ, ಮೊಮ್ಮಕ್ಕಳ ಕಾಲಕ್ಕೆ ವಾರಕ್ಕೆ 15 ಗಂಟೆ ದುಡಿದರೆ ಸಾಕಾಗುತ್ತದೆ ಎಂಬುದು ಅವರ ಲೆಕ್ಕ. ಆ ಲೆಕ್ಕದ ಜೊತೆಗೆ ಒಂದು ಅಳುಕೂ ಇತ್ತು. ಹೊಟ್ಟೆಪಾಡಿನ ಚಿಂತೆ ತೀರಿದ ಮೇಲೆ ಮನುಷ್ಯ ಏನು ಮಾಡುತ್ತಾನೆ? ಸಾವಿರಾರು ವರ್ಷ ದುಡಿಮೆಗೇ ಒಗ್ಗಿಹೋದ ಜೀವಿ ಇದು. ಬಿಡುವು ಸಿಕ್ಕಾಗ ಚೆನ್ನಾಗಿ ಬದುಕುವುದು ಹೇಗೆ ಎಂಬುದೇ ಅದರ ಶಾಶ್ವತ ಸಮಸ್ಯೆಯಾಗುತ್ತದೆ ಎಂದು ಕೇನ್ಸ್ ಬರೆದರು.

15 ಗಂಟೆಯ ವಾರ ಇನ್ನೂ ಬಂದಿಲ್ಲ. ಆದರೆ ಪ್ರಶ್ನೆ ಬಂದುಬಿಟ್ಟಿದೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಹೊರಬಂದ ಮೇಲೆ ಬರೆಯುವ, ಅನುವಾದಿಸುವ, ಪ್ರೋಗ್ರಾಂ ಮಾಡುವ ಕೆಲಸಗಳಿಗೆ ಯಂತ್ರ ಕೈಹಾಕಿತು. ನಾನು ಮಾಡುವುದನ್ನು ಅದೂ ಮಾಡುತ್ತದೆ ಅಂದರೆ ನಾನು ಇರುವುದು ಯಾತಕ್ಕೆ ಎಂದು ತತ್ವಶಾಸ್ತ್ರದ ಗಂಧವೇ ಇಲ್ಲದವರೂ ಕೇಳತೊಡಗಿದರು. ಇದೇ ಪ್ರಶ್ನೆ ಕೆಲವರಿಗೆ ನಿವೃತ್ತಿಯ ಮರುದಿನ ಬರುತ್ತದೆ, ಕೆಲವರಿಗೆ ಹತ್ತಿರದವರು ತೀರಿಕೊಂಡಾಗ. ಇನ್ನು ಕೆಲವರಿಗೆ, ವಿಚಿತ್ರವೆಂದರೆ, ಬಯಸಿದ್ದೆಲ್ಲ ಸಿಕ್ಕ ಮೇಲೆ.

ಈ ಲೇಖನದಲ್ಲಿ ಉತ್ತರ ಸಿಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಪ್ರಶ್ನೆಯನ್ನು ಬಿಡಿಸಿ ನೋಡಿದರೆ, ಅದರಲ್ಲಿ ಯಾವ ಭಾಗ ನಿಜವಾಗಿಯೂ ಕಷ್ಟದ್ದು, ಯಾವ ಭಾಗ ಸುಮ್ನೆ ಕಷ್ಟವಾಗಿ ಕಾಣುತ್ತದೆ ಎಂಬುದು ಸಾಕಷ್ಟು ತಿಳಿಯಾಗುತ್ತದೆ.

ಒಂದರಂತೆ ಕಾಣುವ ಮೂರು ಪ್ರಶ್ನೆಗಳು

"ಬದುಕಿಗೆ ಏನಾದರೂ ಅರ್ಥ ಇದೆಯಾ?" ಎಂದು ಕೇಳುವವರೆಲ್ಲ ಒಂದನ್ನೇ ಕೇಳುತ್ತಿರುವುದಿಲ್ಲ.

ಒಬ್ಬರು ಕೇಳುತ್ತಿರುವುದು ಇಡೀ ಮನುಷ್ಯಕುಲದ ಬಗ್ಗೆ. ನಾವೆಲ್ಲ ಇಲ್ಲಿರುವುದರ ಹಿಂದೆ ಒಂದು ಯೋಜನೆ ಇದೆಯೇ? ಯಾರಾದರೂ, ಯಾವುದಾದರೂ ಶಕ್ತಿ ನಮಗೆ ಒಂದು ಗುರಿ ಇಟ್ಟಿದೆಯೇ? ಇದನ್ನು ಉದ್ದೇಶದ ಪ್ರಶ್ನೆ ಎನ್ನೋಣ.

ಇನ್ನೊಬ್ಬರು ಕೇಳುತ್ತಿರುವುದು ಒಂದೇ ಒಂದು ಬದುಕಿನ ಬಗ್ಗೆ. ನನ್ನದೋ, ನನ್ನ ಅಜ್ಜಿಯದೋ. ಅದು ಬದುಕಲು ಯೋಗ್ಯವಾದ ಬದುಕಾಗಿತ್ತೇ? ಇದು ಸಾರ್ಥಕತೆಯ ಪ್ರಶ್ನೆ.

ಮೂರನೆಯವರು ಕೇಳುತ್ತಿರುವುದು ತಮ್ಮ ಮನಸ್ಸಿನ ಬಗ್ಗೆ. ಬೆಳಗ್ಗೆ ಎದ್ದಾಗ ಈ ದಿನಕ್ಕೊಂದು ಅರ್ಥ ಇದೆ ಅಂತ ನನಗೆ ಅನಿಸುತ್ತಿದೆಯೇ? ಇದು ಅನಿಸಿಕೆಯ ಪ್ರಶ್ನೆ. ಮನಶ್ಶಾಸ್ತ್ರಜ್ಞರು ಅಳೆಯುವುದು ಇದನ್ನೇ.

ಮೂರಕ್ಕೂ ನಂಟಿದೆ, ಆದರೆ ಒಂದರ ಉತ್ತರ ಇನ್ನೊಂದನ್ನು ತೀರ್ಮಾನಿಸುವುದಿಲ್ಲ. ಮನುಷ್ಯಕುಲಕ್ಕೆ ಯಾವ ಉದ್ದೇಶವೂ ಇಲ್ಲ ಎಂದು ನಂಬಿದವರು ತುಂಬ ಸಾರ್ಥಕವಾಗಿ ಬದುಕಿದ್ದಾರೆ. ದೇವರ ಯೋಜನೆಯಲ್ಲಿ ಗಟ್ಟಿ ನಂಬಿಕೆ ಇದ್ದವರೂ ಒಳಗೆ ಖಾಲಿ ಖಾಲಿ ಎನ್ನುವ ಸ್ಥಿತಿಗೆ ಬಂದಿದ್ದಾರೆ. ಈ ವಿಷಯದ ಮೇಲೆ ನಡೆಯುವ ಜಗಳಗಳಲ್ಲಿ ಅರ್ಧಕ್ಕರ್ಧ, ಒಬ್ಬರು ಮೊದಲನೇ ಪ್ರಶ್ನೆಯ ಬಗ್ಗೆ ಮಾತಾಡುತ್ತಿದ್ದರೆ ಇನ್ನೊಬ್ಬರು ಮೂರನೆಯದಕ್ಕೆ ಉತ್ತರ ಕೊಡುತ್ತಿರುವುದರಿಂದ ಹುಟ್ಟಿದವು ಎಂದು ನನಗೆ ಅನಿಸುತ್ತದೆ.

ಕಣ್ಣು ನೋಡಲಿಕ್ಕೆ, ಮನುಷ್ಯ ಯಾವುದಕ್ಕೆ?

ಉದ್ದೇಶದಿಂದ ಶುರು ಮಾಡೋಣ. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿದ್ದ ಗ್ರೀಕ್ ಚಿಂತಕ ಅರಿಸ್ಟಾಟಲ್ ಪ್ರಕಾರ ಪ್ರಕೃತಿಯ ಪ್ರತಿಯೊಂದಕ್ಕೂ ಒಂದು ಗುರಿ ಇದೆ. ಬೀಜ ಮರವಾಗುವತ್ತ ಸಾಗುತ್ತದೆ, ಕಣ್ಣು ಇರುವುದು ನೋಡಲಿಕ್ಕೆ. ಹಾಗಾದರೆ ಮನುಷ್ಯ? ತಿನ್ನುವುದು, ಬೆಳೆಯುವುದು ಗಿಡಕ್ಕೂ ಉಂಟು. ನೋಡುವುದು, ಕೇಳುವುದು ಪ್ರಾಣಿಗೂ ಉಂಟು. ಯೋಚಿಸಿ ನಡೆಯುವುದು ಮಾತ್ರ ಮನುಷ್ಯನದು. ಅದನ್ನು ಚೆನ್ನಾಗಿ, ಒಳ್ಳೆಯ ಗುಣಗಳೊಂದಿಗೆ, ಒಂದು ಇಡೀ ಜೀವಮಾನ ಮಾಡುವುದೇ ಒಳ್ಳೆಯ ಬದುಕು ಎಂದನು ಆತ. ಗಮನಿಸಿ, ಇಲ್ಲಿ ಗುರಿಯನ್ನು ಹೊರಗಿನಿಂದ ಯಾರೂ ಕೊಟ್ಟಿಲ್ಲ. ಅದು ನಮ್ಮ ಸ್ವಭಾವದಲ್ಲೇ ಇದೆ.

ಮುಂದೆ ಈ ವಿಚಾರ ದೇವರ ಸೃಷ್ಟಿಯ ವಿಚಾರದ ಜೊತೆ ಬೆರೆಯಿತು. 1802ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ ಒಂದು ಪ್ರಸಿದ್ಧ ವಾದ ಮುಂದಿಟ್ಟರು. ಬಯಲಿನಲ್ಲಿ ಒಂದು ಗಡಿಯಾರ ಬಿದ್ದಿರುವುದನ್ನು ಕಂಡರೆ, ಇದನ್ನು ಯಾರೋ ಮಾಡಿದ್ದಾರೆ ಎಂದೇ ಹೇಳುತ್ತೇವೆ. ಕಣ್ಣು ಗಡಿಯಾರಕ್ಕಿಂತ ಜಟಿಲ. ಅಂದ ಮೇಲೆ ಅದನ್ನೂ ಮಾಡಿದವನೊಬ್ಬ ಇರಲೇಬೇಕು, ಅವನಿಗೊಂದು ಉದ್ದೇಶ ಇರಲೇಬೇಕು.

1859ರಲ್ಲಿ ಚಾರ್ಲ್ಸ್ ಡಾರ್ವಿನ್ ಇದಕ್ಕೆ ಬೇರೆ ವಿವರಣೆ ಕೊಟ್ಟರು. ಜೀವಿಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ. ಬದುಕುಳಿಯಲು ನೆರವಾದ ವ್ಯತ್ಯಾಸ ಮುಂದಿನ ಪೀಳಿಗೆಗೆ ಜಾಸ್ತಿ ದಾಟುತ್ತದೆ. ಕೋಟ್ಯಂತರ ವರ್ಷ ಹೀಗೇ ನಡೆದರೆ ಬರೀ ಬೆಳಕು-ಕತ್ತಲೆ ತಿಳಿಯುವ ಒಂದು ಚುಕ್ಕೆ ಕಣ್ಣಾಗಬಹುದು. ಯಾರೂ ಯೋಜನೆ ಹಾಕಬೇಕಾಗಿಲ್ಲ.

ಇಲ್ಲಿ ಎರಡು ತಪ್ಪು ತಿಳಿವಳಿಕೆ ತುಂಬ ಸಾಮಾನ್ಯ. ಒಂದು, ಡಾರ್ವಿನ್ ದೇವರಿಲ್ಲ ಎಂದು ಸಾಬೀತು ಮಾಡಿದರು ಎನ್ನುವುದು. ಇಲ್ಲ. ದೇಹದ ರಚನೆಯನ್ನು ತೋರಿಸಿ ದೇವರನ್ನು ಸಾಬೀತು ಮಾಡುವ ಒಂದು ವಾದ ದುರ್ಬಲವಾಯಿತು, ಅಷ್ಟೇ. ವಿಕಾಸವಾದವನ್ನು ಒಪ್ಪಿಕೊಂಡ ಆಸ್ತಿಕರು ಬೇಕಾದಷ್ಟು ಜನ ಇದ್ದಾರೆ.

ಎರಡನೆಯದು ಇನ್ನೂ ಜಾಸ್ತಿ ಕೇಳಿಬರುವ ಮಾತು: "ವಿಜ್ಞಾನದ ಪ್ರಕಾರ ಬದುಕಿನ ಉದ್ದೇಶ ಸಂತಾನ ಬೆಳೆಸುವುದು." ವಿಜ್ಞಾನ ಹಾಗೆ ಹೇಳುವುದಿಲ್ಲ. ಮಳೆ ಯಾಕೆ ಬಂತು ಎಂದರೆ ಮೋಡ, ತೇವಾಂಶ, ಗಾಳಿ ಎಂದು ಕಾರಣ ಹೇಳುತ್ತೇವೆ. ಕೊಡೆ ಯಾಕೆ ತಂದೆ ಎಂದರೆ ನೆನೆಯಬಾರದು ಅಂತ ಎಂದು ಉದ್ದೇಶ ಹೇಳುತ್ತೇವೆ. ವಿಕಾಸವಾದ ಉತ್ತರಿಸುವುದು ಮಳೆಯ ಬಗೆಯ ಪ್ರಶ್ನೆಗೆ. ನಾವು ಹೇಗೆ ಬಂದೆವು ಎಂದು ಅದು ವಿವರಿಸುತ್ತದೆ. ಯಾತಕ್ಕೆ ಬದುಕಬೇಕು ಎಂಬ ವಿಚಾರದಲ್ಲಿ ಅದು ಬಾಯಿ ಹಾಕುವುದಿಲ್ಲ. ಹಾಗಾಗಿ ಮಕ್ಕಳಿಲ್ಲದವರ ಬದುಕು ಉದ್ದೇಶ ತಪ್ಪಿದ್ದು ಎನ್ನಲು ಜೀವಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ.

ಧರ್ಮಗಳು ಹೇಳುವುದು ಒಂದೇ ಮಾತಲ್ಲ

ದೇವರಿದ್ದರೆ ಉದ್ದೇಶ ಇದೆ, ಇಲ್ಲದಿದ್ದರೆ ಇಲ್ಲ ಎಂದು ಎರಡೇ ಭಾಗ ಮಾಡುವುದು ರೂಢಿ. ಚರಿತ್ರೆ ಅಷ್ಟು ಸರಳವಾಗಿಲ್ಲ.

ಯಹೂದಿ, ಕ್ರೈಸ್ತ, ಇಸ್ಲಾಂ ಪರಂಪರೆಗಳಲ್ಲಿ ಸೃಷ್ಟಿಕರ್ತನಿದ್ದಾನೆ. ಆತನನ್ನು ಅರಿತು, ಆರಾಧಿಸಿ, ಆತನ ಇಚ್ಛೆಯಂತೆ ನಡೆಯುವುದು ಬದುಕಿನ ಗುರಿ. ಮನುಷ್ಯರನ್ನು ಸೃಷ್ಟಿಸಿದ್ದು ತನ್ನ ಆರಾಧನೆಗಾಗಿ ಎಂದು ಕುರ್‌ಆನ್‌ನ 51ನೇ ಅಧ್ಯಾಯ ನೇರವಾಗಿಯೇ ಹೇಳುತ್ತದೆ. ಹಿಂದೂ ಚಿಂತನೆಯಲ್ಲಿ ಧರ್ಮ, ಅರ್ಥ, ಕಾಮ, ಮೋಕ್ಷ ಎಂದು ನಾಲ್ಕು ಪುರುಷಾರ್ಥಗಳು. ಮೋಕ್ಷಕ್ಕೆ ಎತ್ತರದ ಸ್ಥಾನ ಇದ್ದರೂ ಸಂಪತ್ತು, ಸುಖಗಳೂ ನ್ಯಾಯವಾದ ಗುರಿಗಳೇ. ಬೌದ್ಧ, ಜೈನ ಧರ್ಮಗಳಲ್ಲಿ ಸೃಷ್ಟಿಕರ್ತನೇ ಇಲ್ಲ. ಆದರೂ ಗುರಿ ಇದೆ: ದುಃಖದಿಂದ, ಕರ್ಮದ ಬಂಧನದಿಂದ ಬಿಡುಗಡೆ. ಇನ್ನು ಚಾರ್ವಾಕರು ದೇವರು, ಪರಲೋಕ ಎರಡನ್ನೂ ಒಪ್ಪಲಿಲ್ಲ. ಇರುವುದು ಇದೊಂದೇ ಬದುಕು, ಸುಖವಾಗಿರುವುದೇ ಗುರಿ ಎಂದರು. ಅಂದರೆ ಮಾಡಿದವನಿಲ್ಲದೆಯೂ ಗುರಿ ಇರಬಹುದು ಎಂಬ ವಿಚಾರ ಹೊಸದೇನಲ್ಲ, ಎರಡು ಸಾವಿರ ವರ್ಷಕ್ಕಿಂತ ಹಳೆಯದು.

ಸೃಷ್ಟಿಕರ್ತನ ಉದ್ದೇಶದ ಬಗ್ಗೆ ತತ್ವಜ್ಞಾನಿಗಳು ಎತ್ತುವ ಒಂದು ಪ್ರಶ್ನೆ ಇದೆ. ಯಾರೋ ನಮ್ಮನ್ನು ಒಂದು ಉದ್ದೇಶಕ್ಕೆ ಮಾಡಿದ್ದಾರೆ ಎಂದಾಕ್ಷಣ ಬದುಕು ಸಾರ್ಥಕವಾಗುತ್ತದೆಯೇ? ಬೇರೆ ಲೋಕದ ಜೀವಿಗಳು ಮಾಂಸಕ್ಕಾಗಿ ನಮ್ಮನ್ನು ಸಾಕುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಆಗ ನಮಗೆ ಖಚಿತವಾದ ಉದ್ದೇಶ ಇದೆ. ಆದರೆ ಅದನ್ನು ತಿಳಿದು ಯಾರಿಗೂ ಸಮಾಧಾನವಾಗುವುದಿಲ್ಲ. ಆಸ್ತಿಕರ ಉತ್ತರವೂ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ದೇವರು ಸುಮ್ನೆ ಒಬ್ಬ ಬಲಿಷ್ಠ ಯಜಮಾನ ಅಲ್ಲ, ಒಳ್ಳೆಯದರ ಮೂಲವೇ ಆತ, ಆದ್ದರಿಂದ ಆತ ಇಟ್ಟ ಗುರಿ ನಮ್ಮ ಒಳಿತೂ ಹೌದು ಎನ್ನುತ್ತಾರೆ ಅವರು. ಒಂದಂತೂ ಇದರಿಂದ ಗೊತ್ತಾಗುತ್ತದೆ. ಉದ್ದೇಶ ಇದ್ದರೆ ಮಾತ್ರ ಸಾಲದು, ಆ ಉದ್ದೇಶ ಒಳ್ಳೆಯದೂ ಆಗಿರಬೇಕು ಎಂಬುದನ್ನು ಎರಡೂ ಕಡೆಯವರು ಒಪ್ಪುತ್ತಾರೆ.

ಬ್ರಹ್ಮಾಂಡದ ಮುಂದೆ ನಾವು ಯಾವ ಲೆಕ್ಕ?

ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ ವಯಸ್ಸು. ಭೂಮಿಗೆ ಸುಮಾರು 450 ಕೋಟಿ. ನಮ್ಮಂಥ ಮನುಷ್ಯರು ಕಾಣಿಸಿಕೊಂಡು ಸುಮಾರು 3 ಲಕ್ಷ ವರ್ಷ. ಇನ್ನು 500 ಕೋಟಿ ವರ್ಷದ ಹೊತ್ತಿಗೆ ಸೂರ್ಯನ ಇಂಧನವೂ ಮುಗಿಯುತ್ತಾ ಬರುತ್ತದೆ. ಈ ಅಂಕಿಗಳನ್ನು ಓದಿದ ಮೇಲೆ ನಾಳಿನ ಪರೀಕ್ಷೆ, ಮನೆ ಸಾಲ, ಪ್ರಮೋಷನ್ ಎಲ್ಲವೂ ಒಂದು ಕ್ಷಣ ಹಾಸ್ಯಾಸ್ಪದವಾಗಿ ಕಾಣುತ್ತವೆ, ಅಲ್ವಾ? "ಹತ್ತು ಲಕ್ಷ ವರ್ಷದ ನಂತರ ಇದ್ಯಾವುದೂ ಲೆಕ್ಕಕ್ಕೇ ಬರುವುದಿಲ್ಲ" ಎನ್ನುವ ವಾದ ಇಲ್ಲಿಂದಲೇ ಹುಟ್ಟುವುದು. ಬದುಕಿಗೆ ಅರ್ಥವಿಲ್ಲ ಎನ್ನುವವರು ಅತಿ ಹೆಚ್ಚು ಬಳಸುವ ವಾದವೂ ಇದೇ.

1971ರಲ್ಲಿ ಅಮೆರಿಕದ ತತ್ವಜ್ಞಾನಿ ಥಾಮಸ್ ನೇಗೆಲ್ ಈ ವಾದವನ್ನು ಕೈಗೆತ್ತಿಕೊಂಡು ಸಾವಧಾನವಾಗಿ ಬಿಡಿಸಿದರು. ನಾವು ಈಗ ಮಾಡುವುದು ಹತ್ತು ಲಕ್ಷ ವರ್ಷದ ನಂತರ ಲೆಕ್ಕಕ್ಕೆ ಬರುವುದಿಲ್ಲ, ಸರಿ. ಹಾಗಾದರೆ ಅದೇ ನ್ಯಾಯದ ಪ್ರಕಾರ, ಹತ್ತು ಲಕ್ಷ ವರ್ಷದ ನಂತರ ಆಗುವುದೂ ಈಗ ಲೆಕ್ಕಕ್ಕೆ ಬರಬಾರದು. ಆಗ ಯಾರಿಗೂ ನಮ್ಮ ನೆನಪಿರುವುದಿಲ್ಲ ಎಂಬ ಸಂಗತಿಯೂ ಇದರಲ್ಲಿ ಸೇರಿತು! ಅಷ್ಟು ದೂರದ ಕಾಲಕ್ಕೆ ನಮ್ಮ ಮೇಲೆ ತೀರ್ಪು ಕೊಡುವ ಅಧಿಕಾರ ಎಲ್ಲಿಂದ ಬಂತು?

ಅವರ ಇನ್ನೊಂದು ಪ್ರಶ್ನೆ ಇನ್ನೂ ಚುರುಕು. ನಮ್ಮ ಬದುಕು ಅರ್ಥಹೀನವಾಗಿರುವುದು ಚಿಕ್ಕದಾಗಿರುವುದರಿಂದ ಎನ್ನುವುದಾದರೆ, ದೊಡ್ಡದಾದರೆ ಸರಿಹೋಗಬೇಕು. 70 ವರ್ಷದ ಅರ್ಥಹೀನ ಬದುಕನ್ನು ಅನಂತಕಾಲಕ್ಕೆ ಎಳೆದರೆ ಅರ್ಥ ಬಂದುಬಿಡುತ್ತದೆಯೇ? ಅನಂತವಾದ ಅರ್ಥಹೀನತೆ ಸಿಗುತ್ತದೆ, ಅಷ್ಟೇ. ನಮ್ಮ ದೇಹ ಇಡೀ ವಿಶ್ವವನ್ನು ತುಂಬುವಷ್ಟು ಬೆಳೆದರೂ ಅದೇ ಕಥೆ. ಅಂದರೆ ಗಾತ್ರಕ್ಕೂ ಅರ್ಥಕ್ಕೂ ನಾವು ಊಹಿಸಿದಂಥ ನಂಟಿಲ್ಲ.

ಹಾಗಾದರೆ ಆ ಅಳುಕು ಎಲ್ಲಿಂದ ಬರುತ್ತದೆ? ಪ್ರಶ್ನೆ ಕೇಳುತ್ತಾ ಹೋಗುವ ನಮ್ಮ ಅಭ್ಯಾಸದಿಂದ. ರಷ್ಯಾದ ಲೇಖಕ ಟಾಲ್‌ಸ್ಟಾಯ್ 50ರ ಆಸುಪಾಸಿನಲ್ಲಿ ಇದಕ್ಕೆ ಸಿಕ್ಕಿಕೊಂಡರು. ಕೀರ್ತಿ ಇತ್ತು, ಜಮೀನಿತ್ತು, ತುಂಬಿದ ಸಂಸಾರ ಇತ್ತು. ಆದರೆ ಜಮೀನು ಇನ್ನೂ ಬೆಳೆಯಿತು ಎಂದುಕೊಂಡರೆ, ಸರಿ, ಆಮೇಲೆ? ಜಗತ್ತಿನ ಎಲ್ಲ ಲೇಖಕರಿಗಿಂತ ದೊಡ್ಡ ಹೆಸರು ಬಂತು ಎಂದುಕೊಂಡರೆ, ಆಮೇಲೆ? ಈ "ಆಮೇಲೆ"ಗೆ ಕೊನೆಯೇ ಇರಲಿಲ್ಲ. ಬದುಕೇ ಬೇಡ ಎನ್ನುವಲ್ಲಿಗೆ ಅದು ಅವರನ್ನು ಒಯ್ದಿತ್ತು. ಕೊನೆಗೆ ಅವರು ಉತ್ತರ ಕಂಡಿದ್ದು ವಾದದಲ್ಲಲ್ಲ, ಸಾಮಾನ್ಯ ರೈತರ ಸರಳ ನಂಬಿಕೆಯಲ್ಲಿ.

ನೇಗೆಲ್ ಇದಕ್ಕೆ ಹೇಳುವುದು ಬೇರೆ. ಕಾರಣಗಳ ಸರಪಳಿ ಬದುಕಿನ ಹೊರಗೆ ಹೋಗಿಯೇ ಮುಗಿಯಬೇಕು ಎಂದೇನಿಲ್ಲ. ಬಿಸಿ ಒಲೆಯ ಮೇಲೆ ಕೈಯಿಡಲು ಹೊರಟ ಮಗುವನ್ನು ತಡೆದಿರಿ. ಯಾಕೆ? ಸುಡುತ್ತದೆ ಅಂತ. ಸುಟ್ಟರೇನು? ನೋವಾಗುತ್ತದೆ. ಅಲ್ಲಿಗೆ ಮುಗಿಯಿತು. ನೋವು ತಪ್ಪಿಸಿದ್ದು ಸಾರ್ಥಕ ಎನ್ನಲು ಬ್ರಹ್ಮಾಂಡದ ಸಹಿ ಬೇಕಾಗಿಲ್ಲ.

ಹಾಗಂತ ನೇಗೆಲ್ ಎಲ್ಲವೂ ಸರಿಯಿದೆ ಎಂದು ಕೈತೊಳೆದುಕೊಳ್ಳುವುದಿಲ್ಲ. ಮನುಷ್ಯ ತನ್ನ ಬದುಕನ್ನು ಭಾರಿ ಗಂಭೀರವಾಗಿ ತೆಗೆದುಕೊಳ್ಳುತ್ತಾನೆ. ಅದೇ ಹೊತ್ತಿಗೆ ಒಂದು ಹೆಜ್ಜೆ ಹಿಂದೆ ಸರಿದು, ಇದೆಲ್ಲ ಯಾಕೆ ಬೇರೆ ಥರ ಇರಬಾರದಿತ್ತು ಎಂದು ಹೊರಗಿನವನಂತೆ ನೋಡಲೂ ಬಲ್ಲ. ಈ ಎರಡು ನೋಟಗಳ ತಿಕ್ಕಾಟವೇ ಅಸಂಗತತೆಯ, ಅಂದರೆ ಬದುಕಿಗೆ ತಾಳಮೇಳವೇ ಇಲ್ಲ ಎಂಬ ಭಾವದ, ಮೂಲ. ಇಲಿಗೆ ಈ ತೊಂದರೆ ಇಲ್ಲ, ಹಿಂದೆ ಸರಿದು ನೋಡುವ ಶಕ್ತಿ ಅದಕ್ಕಿಲ್ಲ. ಈ ತಿಕ್ಕಾಟವನ್ನು ಎದೆ ಬಡಿದುಕೊಳ್ಳದೆ, ಒಂದು ನಗೆಯೊಂದಿಗೆ ಹೊತ್ತು ನಡೆಯಬಹುದು ಎಂಬುದು ಅವರ ಸಲಹೆ.

ಅರ್ಥವನ್ನು ನಾವೇ ಮಾಡಿಕೊಳ್ಳಬಹುದೇ?

20ನೇ ಶತಮಾನದ ನಡುವೆ ಫ್ರಾನ್ಸಿನಲ್ಲಿ ಈ ಚರ್ಚೆ ಕಾಫಿ ಅಂಗಡಿಗಳವರೆಗೂ ಇಳಿಯಿತು. ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿತ್ತು. 1945ರ ಪ್ಯಾರಿಸ್ ಉಪನ್ಯಾಸದಲ್ಲಿ ಫ್ರೆಂಚ್ ತತ್ವಜ್ಞಾನಿ ಜಾನ್ ಪಾಲ್ ಸಾರ್ತ್ರ್ ಕಾಗದ ಕತ್ತರಿಸುವ ಚಾಕುವಿನ ಉದಾಹರಣೆ ಕೊಟ್ಟರು. ಚಾಕು ತಯಾರಾಗುವ ಮೊದಲೇ ಅದು ಯಾವುದಕ್ಕೆ ಎಂದು ತೀರ್ಮಾನವಾಗಿರುತ್ತದೆ. ಮನುಷ್ಯನ ವಿಷಯದಲ್ಲಿ ಇದು ತಲೆಕೆಳಗು. ಮೊದಲು ಅವನು ಇರುತ್ತಾನೆ. ಆಮೇಲೆ ತನ್ನ ಆಯ್ಕೆಗಳ ಮೂಲಕ ತಾನು ಏನು ಎಂಬುದನ್ನು ರೂಪಿಸಿಕೊಳ್ಳುತ್ತಾನೆ. ಈ ಸ್ವಾತಂತ್ರ್ಯದ ಜೊತೆಗೆ ಹೊಣೆಯೂ ಬರುತ್ತದೆ. ನೆಪ ಹೇಳಲು ಯಾರೂ ಸಿಗುವುದಿಲ್ಲ.

1942ರಲ್ಲಿ ಫ್ರೆಂಚ್ ಲೇಖಕ ಆಲ್ಬರ್ಟ್ ಕಾಮೂ ಹಳೆಯ ಗ್ರೀಕ್ ಕಥೆಯೊಂದನ್ನು ಎತ್ತಿಕೊಂಡಿದ್ದರು. ದೇವತೆಗಳ ಶಿಕ್ಷೆಗೆ ಗುರಿಯಾದ ಸಿಸಿಫಸ್ ಬಂಡೆಯನ್ನು ಬೆಟ್ಟದ ತುದಿಗೆ ಉರುಳಿಸಬೇಕು. ಅದು ಮತ್ತೆ ಕೆಳಗುರುಳುತ್ತದೆ. ಮತ್ತೆ ಹತ್ತಿಸಬೇಕು. ಕೊನೆಯೇ ಇಲ್ಲ. ಮನುಷ್ಯ ಅರ್ಥಕ್ಕಾಗಿ ಹಂಬಲಿಸುತ್ತಾನೆ, ಜಗತ್ತು ಮಾತೇ ಆಡುವುದಿಲ್ಲ. ಈ ಸ್ಥಿತಿಯಿಂದ ಓಡದೆ, ಸುಳ್ಳು ಭರವಸೆಗೂ ಜೋತುಬೀಳದೆ, ಕಣ್ತೆರೆದು ಬದುಕುವುದೇ ಬಂಡಾಯ ಎಂದರು ಕಾಮೂ. ಅಂಥ ಸಿಸಿಫಸ್ ಸುಖಿಯೂ ಹೌದು ಎಂಬುದು ಅವರ ತೀರ್ಮಾನ.

1970ರಲ್ಲಿ ಅಮೆರಿಕದ ತತ್ವಜ್ಞಾನಿ ರಿಚರ್ಡ್ ಟೇಲರ್ ಅದೇ ಕಥೆಗೆ ಒಂದು ತಿರುವು ಕೊಟ್ಟರು. ದೇವತೆಗಳು ಕರುಣೆ ತೋರಿ ಸಿಸಿಫಸ್‌ನ ಮೈಯೊಳಗೆ ಬಂಡೆ ಉರುಳಿಸುವ ತೀರದ ಆಸೆಯೊಂದನ್ನು ಇಟ್ಟುಬಿಟ್ಟರು ಎನ್ನೋಣ. ಈಗ ಅವನಿಗೆ ಬೇಕಾಗಿರುವುದು ಅದೇ. ಬಂಡೆ ಅದೇ, ಬೆಟ್ಟ ಅದೇ. ಆದರೆ ಅವನ ಪಾಲಿಗೆ ಬದುಕು ಅರ್ಥಪೂರ್ಣ. ಅರ್ಥ ಬರುವುದು ಹೊರಗಿನ ಫಲದಿಂದಲ್ಲ, ಒಳಗಿನ ಇಚ್ಛೆಯಿಂದ ಎಂದು ಟೇಲರ್ ವಾದಿಸಿದರು.

ನಿಮಗೆ ಇದು ಒಪ್ಪಿಗೆಯಾಯಿತೇ? ಇಲ್ಲಿ ಏನೋ ಮೋಸ ನಡೆದಿದೆ ಎಂದು ಬಹಳ ಜನರಿಗೆ ಅನಿಸುತ್ತದೆ. ಅವರಿಗೂ ಬಲವಾದ ಉದಾಹರಣೆಗಳಿವೆ. ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಹುಲ್ಲಿನ ಎಸಳು ಎಣಿಸುವುದರಲ್ಲೇ ಆನಂದ ಕಾಣುವ ಒಬ್ಬ ಬುದ್ಧಿವಂತನನ್ನು ಕಲ್ಪಿಸಿದರು. ಅವನಿಗೆ ಖುಷಿಯಿದೆ. ಆದರೆ ನಮ್ಮ ಮಗ ಅಥವಾ ಮಗಳು ಜೀವನಪೂರ್ತಿ ಅದನ್ನೇ ಮಾಡಲಿ ಎಂದು ನಾವು ಹಾರೈಸುತ್ತೇವೆಯೇ? ಇನ್ನೊಬ್ಬ ತತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ಇನ್ನೊಂದು ಕಲ್ಪನೆ ಮುಂದಿಟ್ಟರು. ಬಯಸಿದ ಅನುಭವವನ್ನೆಲ್ಲ ಮಿದುಳಿಗೆ ಕೊಡುವ ಯಂತ್ರವಿದೆ. ಒಳಗೆ ಹೋದರೆ ನೀವು ದೊಡ್ಡ ಕಾದಂಬರಿ ಬರೆದಂತೆ, ಗೆಳೆಯರನ್ನು ಪಡೆದಂತೆ ಅನಿಸುತ್ತದೆ. ಅದು ಯಂತ್ರ ಎಂದು ಗೊತ್ತಾಗುವುದೂ ಇಲ್ಲ. ಜೀವನಪೂರ್ತಿ ಅದರೊಳಗೆ ಇರುತ್ತೀರಾ? ಬೇಡ ಎನ್ನುವವರಿಗೆ ಬರೀ ಅನಿಸಿಕೆ ಸಾಲುವುದಿಲ್ಲ, ನಿಜವಾಗಿ ಏನಾದರೂ ಮಾಡಿರಬೇಕು ಎಂದಾಯಿತು.

ಎರಡೂ ಕಡೆಯ ಎಳೆಗಳನ್ನು ಜೋಡಿಸಿದವರು ಅಮೆರಿಕದ ತತ್ವಜ್ಞಾನಿ ಸೂಸನ್ ವುಲ್ಫ್. ಅವರ ಮಾತಿನ ತಿರುಳು ಇಷ್ಟು: ಪ್ರೀತಿಗೆ ಯೋಗ್ಯವಾದದ್ದನ್ನು ಪ್ರೀತಿಸಿ, ಅದರಲ್ಲಿ ತೊಡಗಿಕೊಂಡಾಗ ಬದುಕಿಗೆ ಅರ್ಥ ಬರುತ್ತದೆ. ಯೋಗ್ಯವಾದ ಕೆಲಸವೇ ಆದರೂ ಅದರಲ್ಲಿ ಒಂದಿಷ್ಟೂ ಮನಸ್ಸಿಲ್ಲದೆ ದಿನ ದೂಡಿದರೆ ಸಾಲದು. ಮನಸ್ಸು ಪೂರ್ತಿ ಇದ್ದು, ಮಾಡುವುದು ಹುಲ್ಲೆಣಿಕೆ ಆದರೂ ಸಾಲದು. ಕೇಳಲು ಸರಿ ಎನಿಸುತ್ತದೆ. ತೊಡಕಿರುವುದು ಯೋಗ್ಯ ಎಂದು ತೀರ್ಮಾನಿಸುವುದು ಯಾರು ಎಂಬಲ್ಲಿ. ಸಮಾಜ ಎಂದರೆ, ಸಮಾಜ ಹಲವು ಸಲ ತಪ್ಪಿದೆ. ನಾನೇ ಎಂದರೆ, ಮತ್ತೆ ಟೇಲರ್ ಹತ್ತಿರವೇ ಬಂದು ನಿಲ್ಲುತ್ತೇವೆ. ಇದಕ್ಕೆ ಪಕ್ಕಾ ಅಳತೆಗೋಲು ತನ್ನಲ್ಲಿಲ್ಲ ಎಂದು ವುಲ್ಫ್ ಅವರೇ ಒಪ್ಪಿಕೊಳ್ಳುತ್ತಾರೆ. ಈ ವಿಷಯದಲ್ಲಿ ಓದಿದ್ದರಲ್ಲಿ ನನಗೆ ತುಂಬ ಹಿಡಿಸಿದ ಪ್ರಾಮಾಣಿಕತೆ ಇದು.

ಅರ್ಥವನ್ನು ಅಳೆಯಲು ಹೊರಟವರು

ಈಗ ಮೂರನೇ ಪ್ರಶ್ನೆಗೆ ಬರೋಣ. ಇಲ್ಲಿ ತತ್ವಶಾಸ್ತ್ರ ಹಿಂದೆ ಸರಿದು ಮನಶ್ಶಾಸ್ತ್ರ ಮುಂದೆ ಬರುತ್ತದೆ.

ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಹೆಸರಿಲ್ಲದೆ ಈ ಭಾಗ ಶುರುವಾಗುವುದಿಲ್ಲ. 1942ರಿಂದ 1945ರವರೆಗೆ ಅವರು ನಾಜಿಗಳ ಸೆರೆಶಿಬಿರಗಳಲ್ಲಿದ್ದರು, ಆಶ್‌ವಿಟ್ಜ್‌ನಲ್ಲೂ ಇದ್ದರು. ಹೆಂಡತಿ, ತಂದೆ, ತಾಯಿ, ಅಣ್ಣ ಯಾರೂ ಉಳಿಯಲಿಲ್ಲ. ಮನುಷ್ಯನ ಮೂಲ ಹಂಬಲ ಸುಖವಲ್ಲ, ಅಧಿಕಾರವಲ್ಲ, ಅರ್ಥ ಎಂಬುದು ಅವರ ನಿಲುವು. ಅರ್ಥ ಸಿಗುವ ಮೂರು ದಾರಿಗಳನ್ನು ಅವರು ಹೇಳಿದರು. ಏನನ್ನಾದರೂ ಮಾಡುವುದು ಒಂದು. ಯಾರನ್ನಾದರೂ ಪ್ರೀತಿಸುವುದು, ಚೆಲುವನ್ನು ಅನುಭವಿಸುವುದು ಇನ್ನೊಂದು. ತಪ್ಪಿಸಲಾಗದ ನೋವನ್ನು ಎದುರಿಸುವ ರೀತಿ ಮೂರನೆಯದು. ತಪ್ಪಿಸಲು ಆಗುವ ನೋವನ್ನು ತಪ್ಪಿಸಿಕೊಳ್ಳಲೇಬೇಕು ಎಂದೂ ಹೇಳಿದರು. ಅವರನ್ನು ಉದಾಹರಿಸುವ ಅನೇಕರು ಈ ಮಾತನ್ನು ಬಿಟ್ಟುಬಿಡುತ್ತಾರೆ.

ಫ್ರಾಂಕ್ಲ್ ವಿಚಾರದಿಂದ ಪ್ರೇರಣೆ ಪಡೆದ ಇಬ್ಬರು ಸಂಶೋಧಕರು 1964ರಲ್ಲಿ 20 ಪ್ರಶ್ನೆಗಳ ಒಂದು ಪರೀಕ್ಷೆ ರೂಪಿಸಿದರು. 2006ರಲ್ಲಿ ಮೈಕೆಲ್ ಸ್ಟೀಗರ್ ಮತ್ತು ಜೊತೆಗಾರರು 10 ಪ್ರಶ್ನೆಗಳ ಇನ್ನೊಂದನ್ನು ತಂದರು. ಈಗ ಬಹಳ ಬಳಕೆಯಲ್ಲಿರುವುದು ಇದು. ಇದರಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಅಳೆಯುತ್ತಾರೆ. ಬದುಕಿಗೆ ಅರ್ಥವಿದೆ ಎಂಬ ಭಾವ ಎಷ್ಟಿದೆ? ಅರ್ಥದ ಹುಡುಕಾಟ ಎಷ್ಟಿದೆ? ಅಮೆರಿಕದವರಲ್ಲಿ ಹುಡುಕಾಟ ಜಾಸ್ತಿ ಇದ್ದವರಿಗೆ ಅರ್ಥವಿದೆ ಎಂಬ ಭಾವ ಕಡಿಮೆ ಇತ್ತು. ಜಪಾನಿನಲ್ಲಿ ಇದೇ ಅಧ್ಯಯನ ಮಾಡಿದಾಗ ಎರಡೂ ಜೊತೆಜೊತೆಗೇ ಏರುತ್ತಿದ್ದವು. ಹುಡುಕುವುದೆಂದರೆ ಏನೋ ಕೊರತೆಯಿದೆ ಎಂದೇ ಎಲ್ಲರೂ ಭಾವಿಸುವುದಿಲ್ಲ ಎಂದು ಇದರಿಂದ ಕಾಣುತ್ತದೆ.

ಅರ್ಥ ಎಂಬ ಅನಿಸಿಕೆಯಲ್ಲಿ ಮೂರು ಎಳೆಗಳಿವೆ ಎಂದು ಸಂಶೋಧಕರು ಈಗ ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ಬದುಕು ನನಗೆ ಅರ್ಥವಾಗುತ್ತಿದೆ, ಆಗುತ್ತಿರುವುದಕ್ಕೆ ಒಂದಕ್ಕೊಂದು ಸಂಬಂಧವಿದೆ ಎನ್ನುವುದು ಒಂದು. ಸಾಗಲು ದಿಕ್ಕಿದೆ ಎನ್ನುವುದು ಎರಡು. ನಾನು ಇರುವುದಕ್ಕೆ ಬೆಲೆಯಿದೆ ಎನ್ನುವುದು ಮೂರು. ಒಂದು ಎಳೆ ಕಡಿದಾಗ ಉಳಿದೆರಡು ಇನ್ನೂ ಇರಬಹುದು. ಹತ್ತಿರದವರು ಅಕಾಲದಲ್ಲಿ ತೀರಿಕೊಂಡಾಗ ಮೊದಲನೆಯದು ಕುಸಿಯುತ್ತದೆ. ನಿವೃತ್ತಿಯಾದಾಗ ಎರಡನೆಯದು. ಯಂತ್ರ ಬಂದು ಕೆಲಸ ಹೋದವರಿಗೆ ಹೆಚ್ಚಾಗಿ ಪೆಟ್ಟು ಬೀಳುವುದು ಮೂರನೆಯದಕ್ಕೆ. ಹಾಗಾಗಿ ಅವರಿಗೆ ಬರೀ ಹೊಸ ಹವ್ಯಾಸ ಸೂಚಿಸಿದರೆ ಸಮಾಧಾನ ಆಗುವುದಿಲ್ಲ.

ಸುಖ ಮತ್ತು ಅರ್ಥ ಒಂದೇ ಅಲ್ಲ ಎಂಬುದಕ್ಕೂ ಆಧಾರಗಳಿವೆ. 2013ರಲ್ಲಿ ರಾಯ್ ಬಾಮೈಸ್ಟರ್ ಮತ್ತು ಜೊತೆಗಾರರು 397 ವಯಸ್ಕರ ಉತ್ತರಗಳನ್ನು ಹೋಲಿಸಿದರು. ಎರಡೂ ಸಾಮಾನ್ಯವಾಗಿ ಜೊತೆಗೇ ಇರುತ್ತವೆ. ಆದರೆ ಬೇರೆಯಾಗುವ ಕಡೆ ಕುತೂಹಲದ ಸಂಗತಿ ಕಂಡಿತು. ಬೇಕಾದದ್ದು ಸುಲಭವಾಗಿ ಸಿಗುವುದಕ್ಕೂ ಸುಖಕ್ಕೂ ನಂಟಿತ್ತು, ಅರ್ಥಕ್ಕೆ ಇರಲಿಲ್ಲ. ಚಿಂತೆ, ಒತ್ತಡ ಜಾಸ್ತಿ ಇದ್ದವರಲ್ಲಿ ಸುಖ ಕಡಿಮೆ, ಅರ್ಥ ಜಾಸ್ತಿ ಇತ್ತು. ಚಿಕ್ಕ ಮಕ್ಕಳನ್ನು ಬೆಳೆಸುತ್ತಿರುವ ಯಾರನ್ನು ಕೇಳಿದರೂ ಇದನ್ನೇ ಹೇಳಿಯಾರು.

ದೇಶಗಳ ಮಟ್ಟದಲ್ಲೂ ಹೀಗೇ. 2014ರಲ್ಲಿ ಪ್ರಕಟವಾದ, 132 ದೇಶಗಳ ಮಾಹಿತಿ ಬಳಸಿದ ಅಧ್ಯಯನದಲ್ಲಿ ಶ್ರೀಮಂತ ದೇಶಗಳ ಜನ ಬದುಕಿನ ಬಗ್ಗೆ ಜಾಸ್ತಿ ತೃಪ್ತರು. ಆದರೆ ಬದುಕಿಗೆ ಉದ್ದೇಶವಿದೆ ಎನ್ನುವವರು ಬಡ ದೇಶಗಳಲ್ಲೇ ಜಾಸ್ತಿ. ಇದಕ್ಕೆ ದೊಡ್ಡ ಕಾರಣವಾಗಿ ಕಂಡದ್ದು ಧಾರ್ಮಿಕ ನಂಬಿಕೆ. ಬಡತನವೇ ಅರ್ಥ ಕೊಡುತ್ತದೆ ಎಂದು ಇದರಿಂದ ತೀರ್ಮಾನಿಸಬಾರದು. ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ ಸಂಶೋಧನಾ ಕೇಂದ್ರ 2021ರಲ್ಲಿ 17 ಮುಂದುವರಿದ ದೇಶಗಳ ಜನರನ್ನು ಬದುಕಿಗೆ ಅರ್ಥ ಕೊಡುವುದು ಏನು ಎಂದು ಕೇಳಿತು. 14 ದೇಶಗಳಲ್ಲಿ ಮೊದಲ ಸ್ಥಾನ ಕುಟುಂಬಕ್ಕೆ.

ಆರೋಗ್ಯದ ಮಾತೂ ಬರುತ್ತದೆ. ಅಮೆರಿಕದಲ್ಲಿ 6000ಕ್ಕೂ ಹೆಚ್ಚು ಜನರನ್ನು 14 ವರ್ಷ ಗಮನಿಸಿದ ಅಧ್ಯಯನವೊಂದರಲ್ಲಿ, ಉದ್ದೇಶವಿದೆ ಎಂದು ಹೇಳಿದವರು ಆ ಅವಧಿಯಲ್ಲಿ ಸಾಯುವ ಸಾಧ್ಯತೆ ಕಡಿಮೆ ಇತ್ತು. ಪತ್ರಿಕೆಗಳು ಇದನ್ನು "ಉದ್ದೇಶವಿದ್ದರೆ ಆಯುಷ್ಯ ಹೆಚ್ಚು" ಎಂದು ಬರೆದುಬಿಡುತ್ತವೆ. ಜೊತೆಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು. ಆರೋಗ್ಯ ಚೆನ್ನಾಗಿದ್ದವರಿಗೇ ಉದ್ದೇಶದ ಭಾವವೂ ಚೆನ್ನಾಗಿರಬಹುದು. ಇನ್ನೊಂದು ಎಚ್ಚರಿಕೆಯೂ ಬೇಕು. ಮನಸ್ಸು ಖುಷಿಯಾಗಿದ್ದಾಗ ಕೇಳಿದರೆ ಜನ ತಮ್ಮ ಬದುಕಿನ ಅರ್ಥಕ್ಕೆ ಜಾಸ್ತಿ ಅಂಕ ಕೊಡುತ್ತಾರೆ ಎಂದು ಪ್ರಯೋಗಗಳು ತೋರಿಸಿವೆ.

ಅಂದ ಹಾಗೆ, ಆಧುನಿಕ ಮನುಷ್ಯ ಅರ್ಥ ಕಳೆದುಕೊಂಡು ಅಲೆಯುತ್ತಿದ್ದಾನೆ ಎಂಬ ಮಾತು ಎಲ್ಲ ಕಡೆ ಕೇಳುತ್ತದಲ್ಲ, ಸಮೀಕ್ಷೆಗಳು ಅದಕ್ಕೆ ಬೆಂಬಲ ಕೊಡುವುದಿಲ್ಲ. ಹೆಚ್ಚಿನ ಜನ ತಮ್ಮ ಬದುಕಿಗೆ ಅರ್ಥವಿದೆ ಎಂದೇ ಹೇಳುತ್ತಾರೆ.

ಪ್ರಶ್ನೆ ಮತ್ತು ಕಾಯಿಲೆ

ಬದುಕಿನ ಅರ್ಥದ ಬಗ್ಗೆ ಯೋಚಿಸುವುದು ರೋಗವಲ್ಲ. ಆದರೆ ಖಿನ್ನತೆಯೂ ಕೆಲವೊಮ್ಮೆ ಇದೇ ಪ್ರಶ್ನೆಯ ವೇಷದಲ್ಲಿ ಬರುತ್ತದೆ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ-ಊಟದಲ್ಲಿ ಏರುಪೇರು, ಸುಸ್ತು, ನಾನು ಯಾರಿಗೂ ಬೇಡ ಎಂಬ ಭಾವ ಇದ್ದರೆ ಅದಕ್ಕೆ ಬೇಕಾದದ್ದು ವಾದವಲ್ಲ, ವೈದ್ಯರು. ಸಾಯುವ ಯೋಚನೆ ಬರುತ್ತಿದ್ದರೆ ಎರಡು ವಾರ ಕಾಯುವುದೂ ಬೇಡ, ಕೂಡಲೇ ಹತ್ತಿರದವರಿಗೆ ಹೇಳಿ ನೆರವು ಪಡೆಯಬೇಕು. ಖಿನ್ನತೆಗೆ ಒಳ್ಳೆಯ ಚಿಕಿತ್ಸೆಗಳಿವೆ.

ತಜ್ಞರಲ್ಲೂ ಒಮ್ಮತವಿಲ್ಲದ ಒಂದು ಸಂಗತಿ

ಗ್ರೆಗರ್ ಮೆಂಡೆಲ್ ಎಂಬ ಸಂನ್ಯಾಸಿ ಬ್ರನೋ ಊರಿನ ಮಠದ ತೋಟದಲ್ಲಿ ವರ್ಷಗಟ್ಟಲೆ ಬಟಾಣಿ ಗಿಡ ಬೆಳೆಸಿ, ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹೇಗೆ ದಾಟುತ್ತವೆ ಎಂದು ಲೆಕ್ಕ ಹಾಕಿದರು. 1866ರಲ್ಲಿ ಅದು ಅಚ್ಚಾಯಿತು. ಹೆಚ್ಚು ಜನ ಗಮನಿಸಲಿಲ್ಲ. ಮುಂದೆ ಮಠಾಧಿಪತಿಯಾಗಿ ಆಡಳಿತದ ಜಂಜಾಟದಲ್ಲಿ ಮುಳುಗಿ, 1884ರಲ್ಲಿ ತೀರಿಕೊಂಡರು. 1900ರಲ್ಲಿ ಬೇರೆ ವಿಜ್ಞಾನಿಗಳು ಅದೇ ನಿಯಮಗಳಿಗೆ ಬಂದು ತಲುಪಿದಾಗ ಅವರ ಲೇಖನ ಮತ್ತೆ ಬೆಳಕಿಗೆ ಬಂತು. ಇಂದು ಅವರು ತಳಿಶಾಸ್ತ್ರದ ಪಿತಾಮಹ.

1884ರಲ್ಲಿ ಮೆಂಡೆಲ್ ಬದುಕಿನ ಸಾರ್ಥಕತೆ ಎಷ್ಟಿತ್ತೋ 1900ರಲ್ಲೂ ಅಷ್ಟೇ ಇತ್ತೇ? ಅಥವಾ ಸತ್ತು 16 ವರ್ಷದ ಮೇಲೆ ಅದು ಹೆಚ್ಚಾಯಿತೇ? ಅರ್ಥ ಎಂದರೆ ಬದುಕಿದ್ದಾಗ ಅನಿಸಿದ್ದು ಎನ್ನುವವರ ಪ್ರಕಾರ ಏನೂ ಬದಲಾಗಲಿಲ್ಲ. ತೋಟದಲ್ಲಿ ಬಟಾಣಿ ಎಣಿಸುವಾಗಿನ ತನ್ಮಯತೆಯೇ ಎಲ್ಲ. ಅರ್ಥ ಎಂದರೆ ಮಾಡಿದ್ದರಿಂದ ಜಗತ್ತಿಗೆ ಆದದ್ದು ಎನ್ನುವವರ ಪ್ರಕಾರ ಬಹಳ ಬದಲಾಯಿತು, ಸಾವು ಅದಕ್ಕೆ ಅಡ್ಡಿಯೇ ಅಲ್ಲ. ಕೆಲಸ ಮೊದಲಿನಿಂದಲೂ ಯೋಗ್ಯವಾಗಿತ್ತು, 1900ರಲ್ಲಿ ಬದಲಾದದ್ದು ನಮ್ಮ ತಿಳಿವಳಿಕೆ ಮಾತ್ರ ಎನ್ನುವ ಮೂರನೆಯವರೂ ಇದ್ದಾರೆ. ಮೂರನೆಯವರು ಹೇಳಿದ್ದು ಸರಿಯಾದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ಅಷ್ಟೇ ಯೋಗ್ಯ ಕೆಲಸ ಮಾಡಿ ಯಾರ ಕಣ್ಣಿಗೂ ಬೀಳದೆ ಹೋದವರ ಸಾರ್ಥಕತೆಯೂ ಮೆಂಡೆಲ್ ಅವರದಷ್ಟೇ ಎನ್ನಬೇಕಾಗುತ್ತದೆ. ಇದನ್ನು ಒಪ್ಪಬೇಕೇ ಎಂಬ ಬಗ್ಗೆ ತತ್ವಜ್ಞಾನಿಗಳಲ್ಲಿ ಇವತ್ತಿಗೂ ಒಮ್ಮತವಿಲ್ಲ.